ಅಕ್ಕೋರಿಗೊಂದು ಪ್ರಶ್ನೆ: ಟೈಲರನ ಜಗಲಿಯಲ್ಲಿ ಹುಟ್ಟಿದ ಭಜನೆ

ಕಳೆದ ಸಲ ಶಿರಸಿಯ ಮಾರಿಕಾಂಬೆ ಜಾತ್ರೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿ ಹಲವರು ಪತ್ರ ಹಾಕಿದ್ದೀರಿ. ಜಾತ್ರೆಗಿಂತ ಜಾಸ್ತಿ ಪ್ರಶ್ನೆ ಹೊಸ ಪಂಥ, ಸತ್ಸಂಗ, ಗುರುಗಳ ಬಗ್ಗೆಯೇ ಇವೆ. ಆದ್ದರಿಂದ ಈ ತಿಂಗಳ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕೋರೆ, ನಮ್ಮ ಅತ್ತೆಗೆ 67 ವರ್ಷ. ಮಾವ ತೀರಿಕೊಂಡು ನಾಲ್ಕು ವರ್ಷ ಆಯಿತು. ಎರಡು ವರ್ಷದಿಂದ ಅತ್ತೆ ಪೇಟೆಯ ಒಂದು ಸತ್ಸಂಗಕ್ಕೆ ಹೋಗುತ್ತಿದ್ದಾರೆ. ಆ ಗುರುಗಳ ಫೋಟೋ ನಮ್ಮ ದೇವರ ಗೂಡಿನ ಪಕ್ಕ ಬಂದಿದೆ. ‘ನಿನ್ನೆ ಮೊನ್ನೆ ಹುಟ್ಟಿದ ಪಂಥಕ್ಕೆ ಹೋಗಿ ಮನೆತನದ ಪದ್ಧತಿ ಕೆಡಿಸಬೇಡ’ ಅಂತ ನಮ್ಮನೆಯವರು ದಿನಾ ಕೂಗಾಡುತ್ತಾರೆ. ಅತ್ತೆ ಬಾಯಿ ಬಿಡುವುದಿಲ್ಲ. ನಾನು ಯಾರ ಕಡೆ ಮಾತಾಡಲಿ? (ಕುಮಟಾದ ಓದುಗರು)

ಉತ್ತರ: ಅತ್ತೆಯ ಕಡೆ. ಯಾಕೆ ಅಂತ ಹೇಳಲು ನನ್ನ ಆಯಿಯ ಕತೆಯನ್ನೇ ಹೇಳಬೇಕು.

ಅಪ್ಪಯ್ಯ ಹೋದಾಗ ನನಗೆ ಒಂಬತ್ತು ವರ್ಷ, ಆಯಿಗೆ ಮೂವತ್ತೊಂದು. ಹೊನ್ನಾವರದ ಕಡೆ, ಶರಾವತಿ ದಂಡೆಯ ಹಳ್ಳಿ ನಮ್ಮದು. ಅವತ್ತಿನಿಂದ ಯಾರ ಮನೆಯ ಮದುವೆ ಮುಂಜಿಯಲ್ಲೂ ಆಯಿಯನ್ನು ಮುಂದೆ ಕರೆಯಲಿಲ್ಲ. ಅಡುಗೆಗೆ ಬೇಕಾಗಿದ್ದಳು, ಆರತಿಗೆ ಬೇಡವಾಗಿದ್ದಳು. ಬೆಳಗಿನಿಂದ ಕಾಯಿ ತುರಿದು, ಬೀಸಿ, ಬಡಿಸಲು ಎಲ್ಲ ತಯಾರು ಮಾಡಿ, ಮುಹೂರ್ತದ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಅವಳ ಸೆರಗು ಹಿಡಿದು ನಿಲ್ಲುತ್ತಿದ್ದೆ.

ಹಾಗಿರುವಾಗ ಪಕ್ಕದ ಕೇರಿಯ ಟೈಲರ್ ಒಬ್ಬರು ಮನೆಯ ಜಗಲಿಯಲ್ಲಿ ಭಜನೆ ಶುರು ಮಾಡಿದರು. ಯಾವುದೋ ಸಾಧುವಿನಿಂದ ಉಪದೇಶ ತಗೊಂಡು ಬಂದಿದ್ದರು. ಗುರುವಾರ ಸಂಜೆ ಹೊಲಿಗೆ ಮಿಷನ್ ಗೋಡೆಗೆ ಸರಿಸಿ, ಚಾಪೆ ಹಾಸಿ, ಲಾಟೀನು ಹಚ್ಚುತ್ತಿದ್ದರು. ಮೀನುಗಾರರ ಮನೆಯವರು ಬರುತ್ತಿದ್ದರು, ಪೋಸ್ಟ್‌ಮ್ಯಾನ್ ಬರುತ್ತಿದ್ದರು, ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಬರುತ್ತಿದ್ದರು. ಭಜನೆ ಮುಗಿದ ಮೇಲೆ ಎಲ್ಲರಿಗೂ ಒಂದೇ ಪಾತ್ರೆಯಿಂದ ಬೆಲ್ಲದ ಅವಲಕ್ಕಿ. ಆಯಿ ಮೊದಲ ಸಲ ಹೋದ ದಿನ ಅವಳ ಕೈಗೆ ತಾಳ ಕೊಟ್ಟರು. ಎರಡು ತಿಂಗಳಾದ ಮೇಲೆ ಒಂದು ಗುರುವಾರ ಆರತಿ ತಟ್ಟೆಯನ್ನೂ ಕೊಟ್ಟರು. ಆ ರಾತ್ರಿ ಆಯಿ ಬಾವಿಕಟ್ಟೆಯ ಮೇಲೆ ತುಂಬಾ ಹೊತ್ತು ಕೂತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

ನಮ್ಮ ದೊಡ್ಡಪ್ಪನೂ ನಿಮ್ಮ ಯಜಮಾನರು ಹೇಳಿದ್ದನ್ನೇ ಹೇಳಿದ. ನಿನ್ನೆ ಮೊನ್ನೆಯ ಪಂಥ, ಮನೆತನಕ್ಕೆ ಕೇಡು ಅಂತ.

ಆ ಮಾತಿಗೆ ಉತ್ತರ ಸಿಗಬೇಕಾದರೆ ಶಿರಸಿಯಿಂದ ಸೋಂದೆಗೆ ಒಂದು ಬಸ್ ಹತ್ತಿದರೆ ಸಾಕು. ಅಲ್ಲಿ ಒಂದೇ ಊರಿನ ಸುತ್ತ ಮೂರು ಮಠ ಇವೆ. ಸ್ವರ್ಣವಲ್ಲಿ ಅದ್ವೈತದ್ದು, ವಾದಿರಾಜ ಮಠ ದ್ವೈತದ್ದು, ಸ್ವಾದಿ ಮಠ ದಿಗಂಬರ ಜೈನರದ್ದು. ಇವತ್ತು ಮೂರನ್ನೂ ನಾವು ‘ಹಳೆಯದು’ ಅನ್ನುತ್ತೇವೆ. ಆದರೆ 13ನೇ ಶತಮಾನದಲ್ಲಿ ಮಧ್ವರು ಉಡುಪಿಯಲ್ಲಿ ಮಾತಾಡಿದಾಗ ಅದು ಹೊಸ ಮಾತು, ವಾದಕ್ಕೆ ಬಂದವರು ಎಷ್ಟೋ ಜನ. 16ನೇ ಶತಮಾನದ ವಾದಿರಾಜರು ಸಂಸ್ಕೃತದ ದೊಡ್ಡ ಪಂಡಿತರು. ಆದರೂ ಕನ್ನಡದಲ್ಲಿ ಹಾಡು ಬರೆದರು. ಅವರ ಶೋಭಾನೆಯನ್ನು ಹೆಂಗಸರು ಈಗಲೂ ಮದುವೆಮನೆಯಲ್ಲಿ ಹಾಡುತ್ತಾರೆ. ಮಂತ್ರ ಹೇಳುವ ಹಕ್ಕು ಇಲ್ಲದವರ ಬಾಯಿಗೆ ಒಂದು ಹಾಡು ಸಿಕ್ಕಿತು ಅಂದರೆ ಅದು ಸಣ್ಣ ಬದಲಾವಣೆಯಾ?

ಇನ್ನೊಂದು ದಿಕ್ಕಿಗೆ ಹೋದರೆ ಮುಂಡಗೋಡ. ಟಿಬೆಟಿಯನ್ನರು ಅಲ್ಲಿ ನೆಲೆಸಿದ್ದು 1966ರಿಂದ. ಲ್ಹಾಸಾದ ಹತ್ತಿರ ಇದ್ದ ಗಂಡೆನ್ ಮತ್ತು ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳನ್ನು ಮೆಕ್ಕೆಜೋಳದ ಹೊಲಗಳ ನಡುವೆ ಮತ್ತೆ ಕಟ್ಟಿದ್ದಾರೆ. ನೋಡಿದರೆ ಎಷ್ಟು ಪುರಾತನ ಅನ್ನಿಸುತ್ತದೆ. ಆದರೆ ಗಂಡೆನ್ ಶುರುವಾದದ್ದು 1409ರಲ್ಲಿ. ಭಿಕ್ಷುಗಳ ನಿಯಮ ಸಡಿಲವಾಯಿತು, ಬಿಗಿ ಮಾಡಬೇಕು ಅಂತ ತ್ಸೊಂಗ್‌ಖಾಪ ಎಂಬ ಗುರು ಕಟ್ಟಿದ ಹೊಸ ಗುಂಪು ಅದು. ಟಿಬೆಟ್ಟಿನ ಲೆಕ್ಕದಲ್ಲಿ ಅವರೂ ಆಗ ನಿನ್ನೆ ಮೊನ್ನೆಯವರೇ.

ನಮ್ಮ ಮಾರಿಕಾಂಬೆಯನ್ನೇ ತಗೊಳ್ಳಿ. ಗಾಂಧೀಜಿ 1934ರಲ್ಲಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದರು. ಆ ಕಾಲದಲ್ಲೇ ಜಾತ್ರೆಯ ಕೋಣನ ಬಲಿ ನಿಂತಿತು. ದೇವಿ ಬದಲಾಗಲಿಲ್ಲ, ಎರಡು ವರ್ಷಕ್ಕೊಮ್ಮೆಯ ಜಾತ್ರೆಯೂ ನಿಲ್ಲಲಿಲ್ಲ. ಭಕ್ತರು ಬದಲಾದರು. ಮನೆತನದ ಪದ್ಧತಿ ಅಂತ ನಾವು ಹೇಳುವುದೂ ಹೀಗೆಯೇ ಸರಿದು ಸರಿದು ನಮ್ಮ ತನಕ ಬಂದದ್ದು.

ಹೊಸ ಗುಂಪುಗಳಿಗೆ ಹೆಂಗಸರು, ಅದರಲ್ಲೂ ವಯಸ್ಸಾದವರು ಯಾಕೆ ಜಾಸ್ತಿ ಹೋಗುತ್ತಾರೆ ಅಂತ ಯೋಚಿಸಿದ್ದೀರಾ? 1930ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ವಜ್ರದ ವ್ಯಾಪಾರಿ ಲೇಖರಾಜ್ ಒಂದು ಸತ್ಸಂಗ ಶುರು ಮಾಡಿದರು. ಊರಿನ ಗಂಡಸರು ವ್ಯಾಪಾರಕ್ಕೆ ಅಂತ ವರ್ಷಗಟ್ಟಲೆ ಪರದೇಶದಲ್ಲಿ. ಹೆಂಗಸರು ಮನೆಯೊಳಗೆ. ಆ ಸತ್ಸಂಗದಲ್ಲಿ ಹೆಂಗಸರಿಗೆ ಕೂರುವ ಜಾಗ ಮಾತ್ರ ಅಲ್ಲ, ನಡೆಸುವ ಅಧಿಕಾರವೂ ಸಿಕ್ಕಿತು. ಮನೆಗಳಲ್ಲಿ ದೊಡ್ಡ ಗಲಾಟೆ ಆಯಿತು, ಕೋರ್ಟಿಗೂ ಹೋಯಿತು. ಅವರು ಕರಾಚಿಗೆ ಹೋದರು, ದೇಶ ಇಬ್ಭಾಗವಾದ ಮೇಲೆ 1950ರಲ್ಲಿ ಮೌಂಟ್ ಅಬುವಿಗೆ ಬಂದರು. ಇವತ್ತು ನಮ್ಮ ತಾಲೂಕು ಪೇಟೆಗಳಲ್ಲಿ ಬಿಳಿ ಸೀರೆ ಉಟ್ಟು ಕಾಣುವ ಬ್ರಹ್ಮಾಕುಮಾರಿಯರು ಅವರೇ. ಅವರು ಹೇಳುವುದನ್ನು ನೀವು ಒಪ್ಪಬೇಕಿಲ್ಲ. ಮನೆಯಲ್ಲಿ ಸಿಗದ ಯಾವುದು ಆ ಹೆಂಗಸರಿಗೆ ಅಲ್ಲಿ ಸಿಕ್ಕಿತು ಅಂತ ನೋಡಿ.

ನಿಮ್ಮ ಅತ್ತೆಯ ಹತ್ತಿರ ಒಂದು ಸಂಜೆ ಸುಮ್ನೆ ಕೂತು, ಅಲ್ಲಿ ಏನು ಹಾಡುತ್ತೀರಿ, ಯಾರೆಲ್ಲ ಬರುತ್ತಾರೆ ಅಂತ ಕೇಳಿ. ಬುದ್ಧಿ ಹೇಳುವ ದನಿಯಲ್ಲಿ ಬೇಡ. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಅವರನ್ನು ಯಾರು ಏನು ಕೇಳಿದ್ದಾರೆ ಅಂತಲೂ ನೆನಪು ಮಾಡಿಕೊಳ್ಳಿ. ಫೋಟೋ ಅಲ್ಲೇ ಇರಲಿ ಬಿಡಿ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿ. ಸಮಾಜಶಾಸ್ತ್ರದ ಸೆಮಿನಾರ್ ಇದೆ. ಹೊಸ ಧರ್ಮ ಅಥವಾ ಪಂಥ ಹುಟ್ಟಲು ಗುರು ಕಾರಣವೋ, ಸಮಾಜ ಕಾರಣವೋ? (ಕಾರವಾರ)

ಉತ್ತರ: ತಮ್ಮಾ, ಕಾರವಾರದಲ್ಲೇ ಕೂತು ಕೇಳಿದ್ದೀಯ, ನಮ್ಮ ಜಿಲ್ಲೆಯ ಎರಡು ಉದಾಹರಣೆ ಕೊಡುತ್ತೇನೆ.

ಒಂದು ಉಳವಿ. ಜೋಯಿಡಾ ಕಾಡಿನೊಳಗೆ. ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಒಮ್ಮೆ ಹೋಗಿ ನೋಡು. 12ನೇ ಶತಮಾನದ ಕಲ್ಯಾಣದಲ್ಲಿ ನೇಯುವವರು, ಚರ್ಮ ಹದ ಮಾಡುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು ಎಲ್ಲರ ಕೈಯಲ್ಲಿ ಕಸುಬು ಇತ್ತು. ಪೇಟೆ ಅವರ ಬೆವರಿನಿಂದ ನಡೆಯುತ್ತಿತ್ತು. ಗೌರವ ಮಾತ್ರ ಇರಲಿಲ್ಲ. ಬಸವಣ್ಣ ಮತ್ತು ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ದುಡಿಮೆಗೆ ಕಾಯಕ ಅಂದರು. ಅದನ್ನು ಕನ್ನಡದಲ್ಲೇ ಹೇಳಿದರು. ಜಾತಿ ಮೀರಿ ಮದುವೆ ಮಾಡುವ ತನಕ ಹೋದಾಗ ಕಲ್ಯಾಣ ಹೊತ್ತಿತು. ಶರಣರು ಚೆದುರಿದರು. ಬಸವಣ್ಣನ ಸೋದರಳಿಯ ಚನ್ನಬಸವಣ್ಣ ಮತ್ತು ಜೊತೆಯವರು ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಗೆ ಬಂದರು ಅಂತ ಜನ ಇವತ್ತಿಗೂ ನಂಬುತ್ತಾರೆ.

ಅಲ್ಲಿಗೇ ನಿಲ್ಲಬೇಡ. ಚೆದುರಿದವರ ಮಾತು ಹೇಗೆ ಉಳಿಯಿತು ಅಂತಲೂ ಸೆಮಿನಾರಿನಲ್ಲಿ ಹೇಳು. 15ನೇ ಶತಮಾನದಲ್ಲಿ ವಿಜಯನಗರದ ಎರಡನೇ ದೇವರಾಯನ ಕಾಲದಲ್ಲಿ ವಿರಕ್ತರು ವಚನಗಳನ್ನು ಒಟ್ಟು ಮಾಡಿ, ಜೋಡಿಸಿ, ವ್ಯಾಖ್ಯಾನ ಬರೆದರು. ಅಲ್ಲಿಂದ ಮುಂದೆ ಅದು ಮಠಗಳ ಧರ್ಮ. 20ನೇ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ತಾಳೆಗರಿ ಸೇರಿಸಿ ಅಚ್ಚು ಹಾಕಿಸಿದರು. ಅಲ್ಲಿಂದ ಮುಂದೆ ಶಾಲೆಯ ಹುಡುಗಿಯೂ ಓದಬಹುದಾದ ಧರ್ಮ. ನಾನು ವಚನ ಕಲಿತದ್ದು ಅಚ್ಚಾದ ಪುಸ್ತಕದಿಂದ, ಮಠದಿಂದಲ್ಲ. ಒಂದೇ ವಚನ, ಮೂರು ಕಾಲದಲ್ಲಿ ಮೂರು ರೀತಿಯ ಜನರನ್ನು ಒಟ್ಟು ಮಾಡಿತು.

ಎರಡನೆಯದು ಭಟ್ಕಳ ತಾಲೂಕಿನ ಶಿರಾಲಿ, ಸಾರಸ್ವತ ಬ್ರಾಹ್ಮಣರ ಚಿತ್ರಾಪುರ ಮಠ ಇರುವ ಊರು. ಇದರಲ್ಲಿ ಗುರು ಮೊದಲು ಬರಲಿಲ್ಲ, ಗುರು ಬೇಕು ಅನ್ನುವ ಒತ್ತಡ ಮೊದಲು ಬಂತು. ಆ ಸಾರಸ್ವತರೇ ಹೇಳಿಕೊಂಡು ಬಂದ ಕತೆ ಹೀಗಿದೆ. ಅವರು ಕೆಳದಿ ಅರಸರ ಹತ್ತಿರ ಲೆಕ್ಕಪತ್ರದ ಕೆಲಸದಲ್ಲಿ ಮೇಲೆ ಬಂದಿದ್ದರು. ಇವರಿಗೆ ಗುರುವೇ ಇಲ್ಲ ಅಂತ ಆಗದವರು ದೂರು ಕೊಟ್ಟರು. ನಿಮ್ಮ ಗುರುವನ್ನು ತೋರಿಸಿ ಅಂತ ಅರಸ ಕೇಳಿದ. ಅವರು ಗೋಕರ್ಣಕ್ಕೆ ಹೋಗಿ ದೇವರ ಮುಂದೆ ಕೂತರು. ಕೋಟಿತೀರ್ಥದ ದಂಡೆಯಲ್ಲಿ ಉತ್ತರದಿಂದ ಬಂದ ಒಬ್ಬ ಸಂನ್ಯಾಸಿ ಸಿಕ್ಕರು. 1708ರಲ್ಲಿ ಅವರನ್ನೇ ಗುರುವಾಗಿ ಒಪ್ಪಿದರು. ಚಿತ್ರಾಪುರ ಮಠದ ಮೂಲ ಅದು. ನೋಡು, ಸರಕಾರ ಒಂದು ಪ್ರಶ್ನೆ ಕೇಳಿದ್ದಕ್ಕೆ ಚದುರಿದ್ದ ಮನೆಗಳೆಲ್ಲ ಒಂದು ಸಮುದಾಯ ಆದವು. ಮುಂದೆ ಅವರ ಮಕ್ಕಳು ಇಂಗ್ಲಿಷ್ ಕಲಿತು ಮುಂಬಯಿಗೆ ಗುಮಾಸ್ತರಾಗಿ ಹೋದರು. ಗುರುವಿನ ಸುತ್ತ ಸೇರಿದ್ದ ಅದೇ ಜನ 1906ರಲ್ಲಿ ಸಹಕಾರಿ ಬ್ಯಾಂಕ್ ಮಾಡಿಕೊಂಡರು, 1915ರಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡರು. ಊರು ಬಿಟ್ಟವರಿಗೆ ಬಾಡಿಗೆ ಮನೆಯ ಕಷ್ಟ ದೊಡ್ಡದು, ಅಲ್ವಾ?

ಹಾಗಾಗಿ ಗುರುವೋ ಸಮಾಜವೋ ಅಂತ ಎರಡು ಕಡೆ ಎಳೆಯಬೇಡ. ಕಿಡಿ ಬಿದ್ದರೂ ದರಲೆ, ಅಂದರೆ ಉದುರಿದ ಎಲೆ, ಒಣಗಿದ್ದರೆ ಮಾತ್ರ ಬೆಂಕಿ ಹಿಡಿಯುತ್ತದೆ. ದರಲೆ ಒಣಗುವುದು ಊರಿನ ಬಿಸಿಲಿಗೆ.

ಪ್ರಶ್ನೆ: ಗುರು ಇರುವ ತನಕ ಒಗ್ಗಟ್ಟಾಗಿ ಇರುವವರು ಆಮೇಲೆ ಯಾಕೆ ಒಡೆಯುತ್ತಾರೆ? ನಮ್ಮೂರಲ್ಲಿ ಒಂದೇ ಗುರುವಿನ ಹೆಸರಲ್ಲಿ ಎರಡು ಬೋರ್ಡ್ ಇವೆ. (ಅಂಕೋಲಾ)

ಉತ್ತರ: ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಗುರುವಿನ ವರ್ಚಸ್ಸು ಅವರ ಮೈಯಲ್ಲಿ ಇರುತ್ತದೆ. ಅವರು ಹೋದ ಮೇಲೆ ಅದನ್ನು ಎಲ್ಲಿ ಇಡುವುದು? ಪೀಠದಲ್ಲೋ, ಪುಸ್ತಕದಲ್ಲೋ, ಮಗನಲ್ಲೋ, ಕಮಿಟಿಯಲ್ಲೋ? ಆ ಹುಡುಕಾಟದಲ್ಲೇ ಜಗಳ ಶುರುವಾಗುತ್ತದೆ.

ಆದರೆ ಒಡೆಯುವುದು ಗುರು ಹೋದ ಮೇಲೆ ಮಾತ್ರ ಅಲ್ಲ. ರಾಮಮೋಹನ ರಾಯರು 1828ರಲ್ಲಿ ಕಲ್ಕತ್ತದಲ್ಲಿ ಶುರು ಮಾಡಿದ ಬ್ರಹ್ಮ ಸಮಾಜ ಎರಡು ಸಲ ಒಡೆಯಿತು. 1866ರಲ್ಲಿ ಕೇಶವಚಂದ್ರ ಸೇನರ ತರುಣರು ಬೇರೆಯಾದರು. ವೇದಿಕೆ ಮೇಲೆ ಕೂರುವವರು ಜನಿವಾರ ಹಾಕಬಾರದು ಅನ್ನುವುದು ಅವರ ಹಟ. 1878ರಲ್ಲಿ ಅದೇ ಕೇಶವಚಂದ್ರರು ವಯಸ್ಸು ತುಂಬದ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಮದುವೆ ಮಾಡಿದರು. ಬಾಲ್ಯವಿವಾಹ ಬೇಡ ಅಂತ ಕಾನೂನಿಗೆ ಹೋರಾಡಿದವರು ಅವರೇ ಆಗಿದ್ದರು. ಜೊತೆಯವರು ಸಹಿಸಲಿಲ್ಲ, ಸಾಧಾರಣ ಬ್ರಹ್ಮ ಸಮಾಜ ಕಟ್ಟಿದರು. ಎರಡು ಸಲವೂ ಒಡೆದದ್ದು ದೇವರ ವಿಷಯಕ್ಕಲ್ಲ, ಜನಿವಾರಕ್ಕೆ ಮತ್ತು ಮದುವೆಗೆ. ಹೊರಗೆ ಸಮಾಜ ಯಾವುದರ ಬಗ್ಗೆ ಜಗಳ ಆಡುತ್ತದೋ ಅದು ಒಳಗೂ ಬರುತ್ತದೆ. ಆ ಸಮಾಜದ ಟಾಗೋರ್ ಮನೆತನಕ್ಕೂ ನಮ್ಮ ಕಾರವಾರಕ್ಕೂ ನಂಟು ಇದೆ. ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತು ದಾಟಿದ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಉಳಿದಿದ್ದರು. ಅವರ ಹೆಸರು ಹೊತ್ತ ಕಡಲತೀರ ನಮಗೆಲ್ಲ ಗೊತ್ತು.

ಟೈಲರನ ಭಜನೆಗೆ ಏನಾಯಿತು ಅಂತಲೂ ಇಲ್ಲೇ ಹೇಳುತ್ತೇನೆ. ಹತ್ತು ವರ್ಷದಲ್ಲಿ ಅದು ಜಗಲಿ ಮೀರಿ ಬೆಳೆಯಿತು. ಕೊಲ್ಲಿಗೆ ಹೋದ ಹುಡುಗರು ದುಡ್ಡು ಕಳಿಸಿದರು. ಟ್ರಸ್ಟ್ ಆಯಿತು, ಹಾಲ್ ಕಟ್ಟಿದರು, ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಬಂತು. ಟೈಲರ್ ತೀರಿಕೊಂಡರು. ಹೊಸ ಕಮಿಟಿಗೆ ಊರಿನ ದೊಡ್ಡ ಮನೆಗಳ ಹಾಗೆ ಆಗಬೇಕು ಅನ್ನುವ ಆಸೆ. ಪುರೋಹಿತರನ್ನು ಕರೆಸಿದರು. ವಿಧವೆಯರು ಆರತಿ ಎತ್ತುವುದು ಸರಿಯಲ್ಲ, ಶಾಸ್ತ್ರ ನೋಡಿ ಮಾಡಬೇಕು ಅಂದರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಆಯಿಯನ್ನು ‘ಹಿಂದೆ ಆರಾಮಾಗಿ ಕೂತುಕೊಳ್ಳಿ’ ಅಂದರು. ಆ ಗುರುವಾರದಿಂದ ಆಯಿ ಹೋಗಲಿಲ್ಲ. ತಾಳವನ್ನು ತೊಳೆದು, ಒರೆಸಿ, ವಾಪಸ್ ಕಳಿಸಿದಳು. ತಗೊಂಡು ಹೋಗಿ ಕೊಟ್ಟವಳು ನಾನೇ.

ಆಮೇಲೆ ಬಿ.ಎಡ್.ಗೆ ಓದುವಾಗ ಅಮೆರಿಕದ ಕ್ರೈಸ್ತ ಧರ್ಮಚಿಂತಕ ರಿಚರ್ಡ್ ನೀಬೂರ್ 1929ರಲ್ಲಿ ಬರೆದ ವಿಚಾರ ಕಣ್ಣಿಗೆ ಬಿತ್ತು. ಬಡವರ ನಡುವೆ ಹುಟ್ಟಿದ ಪಂಗಡ, ಆ ಮನೆಗಳ ಕೈಯಲ್ಲಿ ದುಡ್ಡು ಆಡಿದ ಮೇಲೆ, ಮಕ್ಕಳ ಕಾಲಕ್ಕೆ ಮರ್ಯಾದಸ್ಥರ ಪಂಗಡ ಆಗುತ್ತದೆ. ಆಗ ಹಳೆಯ ಬಡವರಿಗೆ ಅಲ್ಲಿ ಜಾಗ ಕಡಿಮೆ. ಅವರು ಮತ್ತೊಂದು ಜಗಲಿ ಹುಡುಕುತ್ತಾರೆ. ಓದಿ ಪುಸ್ತಕ ಮುಚ್ಚಿಟ್ಟು ಅತ್ತಿದ್ದೆ. ನಮ್ಮ ಆಯಿಗೆ ಆದದ್ದು ಎಲ್ಲ ಕಡೆಯೂ ಆಗಿದೆ ಅಂತ ಗೊತ್ತಾಗಿ.

ಪ್ರಶ್ನೆ: ಗುರು ಹೇಳಿದ ಭವಿಷ್ಯ ಸುಳ್ಳಾದರೂ ಶಿಷ್ಯರು ಯಾಕೆ ಬಿಡುವುದಿಲ್ಲ? (ಸಿದ್ದಾಪುರ)

ಉತ್ತರ: ಬಹಳ ಜನ ಬಿಡುತ್ತಾರೆ. ಉಳಿದವರು ಅರ್ಥ ಬದಲಿಸಿಕೊಳ್ಳುತ್ತಾರೆ. ಅಮೆರಿಕದ ರೈತ ವಿಲಿಯಂ ಮಿಲ್ಲರ್ ಬೈಬಲ್ಲಿನ ಲೆಕ್ಕ ಹಾಕಿ ಯೇಸು ಮರಳಿ ಬರುವ ಕಾಲ ಹತ್ತಿರವಾಯಿತು ಅಂದ. ಅವನ ಕಡೆಯವರು 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತು ಮಾಡಿದರು. ಕೊಯ್ಲು ಮಾಡದೆ ಕಾದವರೂ ಇದ್ದರು. ಏನೂ ಆಗಲಿಲ್ಲ. ಉಳಿದವರಲ್ಲಿ ಕೆಲವರು, ಆ ದಿನ ನಡೆದ ಘಟನೆ ಭೂಮಿಯ ಮೇಲೆ ಅಲ್ಲ, ಸ್ವರ್ಗದಲ್ಲಿ ಅಂದರು. 1863ರಲ್ಲಿ ಅವರೇ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾದರು. ಲೋಕ ಮುಗಿಯುತ್ತದೆ ಅಂತ ಕಾದವರ ವಂಶದವರು ಶಾಲೆ, ಆಸ್ಪತ್ರೆ ಕಟ್ಟಿದರು. ಬೆಳಿಗ್ಗೆ ಮಕ್ಕಳು ತಿನ್ನುವ ಕಾರ್ನ್‌ಫ್ಲೇಕ್ಸ್ ಕೂಡ ಅವರ ಒಂದು ಆರೋಗ್ಯಧಾಮದ ಅಡುಗೆಮನೆಯಿಂದಲೇ ಬಂದದ್ದು. ಜೊತೆಗೆ ಕಾದ ಜನರ ನಡುವೆ ಒಂದು ಬಳಗ ಬೆಳೆದಿರುತ್ತದೆ. ತಾರೀಖು ಬಿಡುವುದು ಸುಲಭ, ಬಳಗ ಬಿಡುವುದು ಕಷ್ಟ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಂದು ಧ್ಯಾನದ ಗುಂಪಿಗೆ ಸೇರಿದ್ದಾನೆ. ಸಂಬಳದ ಒಂದು ಭಾಗ ಅಲ್ಲಿಗೆ ಕೊಡುತ್ತಾನೆ. ಹೋದ ದೀಪಾವಳಿಗೆ ಬರಲಿಲ್ಲ. ನಾವು ಏನೂ ಅಂದಿಲ್ಲ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ. (ಯಲ್ಲಾಪುರದ ಒಬ್ಬ ತಂದೆ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ.

ಜಪಾನಿನ ಓಂ ಶಿನ್‌ರಿಕ್ಯೊ 1984ರಲ್ಲಿ ಶುರುವಾದದ್ದು ಟೋಕಿಯೋದ ಒಂದು ಸಣ್ಣ ಯೋಗ ತರಗತಿಯಾಗಿ. ದುಡ್ಡು, ನೌಕರಿ ಎಲ್ಲ ಇದ್ದೂ ಮನಸ್ಸು ಖಾಲಿಯಾದ ಹುಡುಗರು, ಡಾಕ್ಟರು, ವಿಜ್ಞಾನ ಓದಿದವರು ಹೋಗಿ ಸೇರಿದರು. ಆಸ್ತಿ ಕೊಟ್ಟು, ಮನೆ ಬಿಟ್ಟು ಅಲ್ಲೇ ಇರುವುದು ಶುರುವಾಯಿತು. 1995ರ ಮಾರ್ಚ್ 20ರಂದು ಅದೇ ಗುಂಪು ಟೋಕಿಯೋದ ಮೆಟ್ರೋ ರೈಲುಗಳಲ್ಲಿ ಸಾರಿನ್ ವಿಷ ಬಿಟ್ಟಿತು. ಆದರೆ ಗುಟ್ಟು ಅದಕ್ಕಿಂತ ಮೊದಲೇ ಬಯಲಾಗಬೇಕಿತ್ತು. ಬಿಟ್ಟು ಹೋಗುತ್ತೇನೆ ಅಂದ ಒಬ್ಬ ಸದಸ್ಯನನ್ನು ಅವರು 1989ರಲ್ಲೇ ಕೊಂದಿದ್ದರು.

ಸಾವಿರ ಗುಂಪುಗಳಲ್ಲಿ ಇಂಥದ್ದು ಒಂದೋ ಎರಡೋ. ನಿಮ್ಮ ಮಗನದ್ದೂ ಹಾಗೇ ಅಂತ ಅಂದುಕೊಳ್ಳಬೇಡಿ. ಆದರೆ ನೋಡಬೇಕಾದದ್ದು ಯಾವುದು ಅಂತ ಅದರಿಂದ ಗೊತ್ತಾಗುತ್ತದೆ. ಗುಂಪು ಹೊಸದೋ ಹಳೆಯದೋ, ಗುರುವಿಗೆ ಗಡ್ಡ ಇದೆಯೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ. ಒಂದು ವಾರ ಹೋಗದಿದ್ದರೆ ಅವನಿಗೆ ಏನಾಗುತ್ತದೆ? ಬಿಟ್ಟು ಹೋದವರ ಬಗ್ಗೆ ಅಲ್ಲಿ ಹೇಗೆ ಮಾತಾಡುತ್ತಾರೆ? ಕೊಟ್ಟ ದುಡ್ಡಿಗೆ ರಶೀದಿ, ಲೆಕ್ಕ ಇದೆಯೋ? ಮನೆಯವರ ಫೋನ್ ತೆಗೆಯಲು ಯಾರನ್ನಾದರೂ ಕೇಳಬೇಕೋ? ಸಾಲ ಮಾಡಿ ಕೊಡುತ್ತಿದ್ದರೆ, ಹಳೇ ಗೆಳೆಯರೆಲ್ಲ ಕಳಚಿಕೊಂಡಿದ್ದರೆ, ತಡ ಮಾಡದೆ ಹೋಗಿ ಅವನ ಜೊತೆ ನಾಲ್ಕು ದಿನ ಇರಿ. ಹಾಗೇನೂ ಇಲ್ಲದಿದ್ದರೆ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನಿಗೆ ಭಾನುವಾರ ಜೊತೆಗೆ ಕೂತು ಉಣ್ಣುವ ಹತ್ತು ಜನ ಸಿಕ್ಕಿದ್ದಾರೆ ಅಂತಲೂ ಇರಬಹುದು.

ಜಗಳ ಮಾತ್ರ ಮಾಡಬೇಡಿ. ನೀವು ಬೈದರೆ ಅವನಿಗೆ ಉಳಿಯುವುದು ಅದೊಂದೇ ಮನೆ. ಬದಲಿಗೆ, ನಾನೂ ಒಂದು ದಿನ ನಿನ್ನ ಜೊತೆ ಬರುತ್ತೇನೆ ಅಂತ ಹೇಳಿ. ಯಲ್ಲಾಪುರದಿಂದ ರಾತ್ರಿ ಬಸ್ಸಿದೆ. ಹೋಗಿ ಕೂತು, ನೋಡಿ, ಕೇಳಿ, ಅವರ ಊಟವನ್ನೂ ಮಾಡಿ ಬನ್ನಿ. ಅವರು ಬೇಡ ಅಂದರೆ ಅದೂ ನಿಮಗೆ ಒಂದು ಉತ್ತರವೇ.

ನಮ್ಮ ದೊಡ್ಡಪ್ಪ ಆಯಿ ಹಾಡುವುದನ್ನು ಕೇಳಲು ಒಂದು ದಿನವೂ ಬರಲಿಲ್ಲ. ಎರಡು ಗದ್ದೆ ದಾಟಿದರೆ ಟೈಲರನ ಮನೆ. ಹೋಗಿ ಬಂದ ಮೇಲೆ ಮತ್ತೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.